ಬ್ರೇಕ್ ಹಿಡಿಯದ ಇಳಿಜಾರು

ಬೇಸಿಗೆ ರಜೆ ಬಂತೆಂದರೆ ಅಪ್ಪ ಕಾರಿನ ನೆತ್ತಿಗೆ ಕ್ಯಾನ್ವಾಸ್ ಡೇರೆ ಬಿಗಿದು, ನಮ್ಮನ್ನೆಲ್ಲ ತುಂಬಿಕೊಂಡು ಯಾವುದಾದರೊಂದು ರಾಷ್ಟ್ರೀಯ ಉದ್ಯಾನಕ್ಕೆ ಹೊರಡುತ್ತಿದ್ದ. ಹೋಟೆಲಿನಲ್ಲಿ ಉಳಿಯುವುದು ನಮಗೆ ಗೊತ್ತೇ ಇರಲಿಲ್ಲ. ಹಿಂದಿನ ಸೀಟು ಮಡಚಿ ಹಾಸಿಗೆ ಹಾಸುತ್ತಿದ್ದರು. ಅಕ್ಕ ಮಾರ್ಲಿಸ್, ನಾನು, ಪುಟ್ಟ ತಂಗಿ ಸೋನ್ಯಾ ಅದರ ಮೇಲೆ ಉರುಳಾಡುತ್ತಲೇ ಎಷ್ಟೋ ರಾಜ್ಯಗಳನ್ನು ದಾಟಿದ್ದೇವೆ.

ನನಗೆ ಒಂಬತ್ತು ತುಂಬಿದ ವರ್ಷ ಕೊಲೊರಾಡೊಕ್ಕೆ ಹೋದೆವು. ಅಪ್ಪ ವೆಂಡೆಲ್ ಐಯೊವಾದ ಬಯಲಲ್ಲಿ ಬಿತ್ತನೆ ಬೀಜ ಮಾರುವವನು. ಘಟ್ಟದ ರಸ್ತೆಯಲ್ಲಿ ಕಾರು ಓಡಿಸಿದವನೇ ಅಲ್ಲ. ಜುಲೈನಲ್ಲೂ ಹಿಮ ಕರಗದ ಆ ಬೆಟ್ಟದ ತುದಿ ತಲುಪುವಷ್ಟರಲ್ಲಿ ಅವನ ಮುಖ ಬಿಳುಚಿಕೊಂಡಿತ್ತು. ಆದರೂ ನಿಲ್ಲಿಸಲಿಲ್ಲ. ಕೆಳಗಿನ ಕ್ಯಾಂಪಿನಲ್ಲಿ ಮೊದಲು ಬಂದವರಿಗೇ ಜಾಗ, ಮಧ್ಯಾಹ್ನವಾದರೆ ತುಂಬಿಹೋಗುತ್ತಿತ್ತು. ಕಾರು ಕಾದಿದೆ, ಸ್ವಲ್ಪ ಆರಲಿ ಎಂದಳು ಅಮ್ಮ. ನಿನ್ನೆ ನಿನ್ನ ಮಾತು ಕೇಳಿ ತಡಮಾಡಿದ್ದಕ್ಕೇ ಕಸದ ತೊಟ್ಟಿ ಪಕ್ಕ ಮಲಗಬೇಕಾಯಿತು ಎಂದ ಅಪ್ಪ. ಅಮ್ಮ ಕಿಟಕಿಯ ಕಡೆ ಮುಖ ತಿರುಗಿಸಿದಳು.

ಇಳಿಜಾರು ಶುರುವಾಯಿತು. ಅಪ್ಪ ಬ್ರೇಕಿನ ಮೇಲಿನ ಕಾಲು ತೆಗೆಯಲೇ ಇಲ್ಲ. ಒಂದೆರಡು ತಿರುವು ದಾಟುವಾಗಲೇ ಸುಟ್ಟ ವಾಸನೆ ಬಂತು. ಹುರುಳಿಕಾಯಿ ಸೀದಂತಿದೆ ಎಂದು ಮಾರ್ಲಿಸ್ ನಕ್ಕಳು. ಮುಂದೆ ಕುಳಿತವರು ಯಾರೂ ನಗಲಿಲ್ಲ.

ಆಗ ಅಪ್ಪನ ಮೊಣಕಾಲು ಮೇಲೆ ಕೆಳಗೆ, ಮೇಲೆ ಕೆಳಗೆ ಆಡುವುದು ಕಂಡಿತು. ಪೆಡಲು ತಳ ಮುಟ್ಟುತ್ತಿತ್ತು, ಕಾರು ಮಾತ್ರ ನಿಲ್ಲುತ್ತಿರಲಿಲ್ಲ. ಅವನು ಗೇರು ಇಳಿಸಿದ. ಇಂಜಿನ್ ಕಿರುಚಿಕೊಂಡಿತು. ಹ್ಯಾಂಡ್‌ಬ್ರೇಕ್ ಎಳೆದ. ವೇಗ ತಗ್ಗಿತೇ ವಿನಾ ನಿಲ್ಲಲಿಲ್ಲ.

ಅಮ್ಮ ಹಿಂದಕ್ಕೆ ತಿರುಗಿದಳು. ಅವಳ ಮುಖದಲ್ಲಿ ಗಾಬರಿಯ ಸುಳಿವೂ ಇರಲಿಲ್ಲ.

"ಮೂರೂ ಜನ ಮಲ್ಕೊಳಿ. ತಲೆ ಎತ್ತಿದವರು ಇವತ್ತು ಪಾತ್ರೆ ತೊಳೀಬೇಕು," ಎಂದಳು.

ಆಟವೆಂದುಕೊಂಡು ಸೋನ್ಯಾ ಬೋರಲು ಬಿದ್ದಳು. ಅಮ್ಮ ಮುಂದಿದ್ದ ದಿಂಬು, ಕೋಟು, ಕಂಬಳಿಗಳನ್ನೆಲ್ಲ ಒಂದೊಂದಾಗಿ ನಮ್ಮ ಮೇಲೆ ಎಸೆದಳು. ಮಾರ್ಲಿಸ್ ನನ್ನ ಕೈ ಹಿಡಿದಳು. ಅವಳಿಗೆ ಅರ್ಥವಾಗಿಹೋಗಿತ್ತು. ನಾನು ಕಂಬಳಿಯ ಸಂದಿಯಿಂದ ನೋಡುತ್ತಲೇ ಇದ್ದೆ.

ನಮ್ಮ ಬದಿಗೆ ಪ್ರಪಾತ, ತಡೆಗೋಡೆಯೂ ಇಲ್ಲ. ಬಂಡೆಯ ಗೋಡೆ ಇದ್ದದ್ದು ರಸ್ತೆಯ ಆಚೆ ಬದಿಗೆ, ಎದುರಿಂದ ಗಾಡಿಗಳು ಬರುವ ಕಡೆ. ಕಾರನ್ನು ಆ ಬಂಡೆಗೆ ಉಜ್ಜಿ ನಿಲ್ಲಿಸುವುದೊಂದೇ ದಾರಿ ಎಂದ ಅಪ್ಪ. ಆದರೆ ತಿರುವಿನಾಚೆ ಏನು ಬರುತ್ತಿದೆಯೋ ಅವನಿಗೆ ಕಾಣುತ್ತಿರಲಿಲ್ಲ.

ಅಮ್ಮ ಕಿಟಕಿಯ ಗಾಜು ಇಳಿಸಿ ಸೊಂಟದವರೆಗೆ ಹೊರಗೆ ಬಗ್ಗಿದಳು. ತಿರುವು ಸುತ್ತಿ ಬರುವ ಕೆಳಗಿನ ರಸ್ತೆ ಅವಳಿಗೆ ಕಾಣುತ್ತಿತ್ತು.

"ಕೆಂಪು ಕಾರು ಬರ್ತಿದೆ, ವೆಂಡೆಲ್. ತಡಿ."

"ತಡಿಯೋಕೆ ಆಗಲ್ಲ ಆಲ್ವಿನಾ."

"ಆಗತ್ತೆ. ತಡಿ. ಅದರ ಹಿಂದೆ ಇನ್ನೊಂದಿದೆ."

ಕೆಂಪು ಕಾರು ಹಾರ್ನ್ ಬಾರಿಸುತ್ತ ನಮ್ಮನ್ನು ಸವರಿಕೊಂಡೇ ಹೋಯಿತು. ಅದರ ಹಿಂದೆಯೇ ಒಂದು ಟ್ರಕ್ಕೂ ದಾಟಿಹೋಯಿತು. ತಿರುವು ಎದುರಿಗೇ ಬಂದುಬಿಟ್ಟಿತ್ತು. ಅದರಾಚೆ ಬರೀ ಆಕಾಶ.

"ಈಗ," ಎಂದಳು ಅಮ್ಮ.

ಅಪ್ಪ ಅವಳನ್ನು ನಂಬಿ ಸ್ಟೀರಿಂಗ್ ತಿರುಗಿಸಿದ. ತಗಡು ಬಂಡೆಗೆ ತಿಕ್ಕಿದ ಆ ಸದ್ದು ನನಗೆ ಇಂದಿಗೂ ಹಲ್ಲು ಜುಮ್ಮೆನ್ನಿಸುತ್ತದೆ. ಗಾಜು ಒಡೆಯಿತು, ಡೇರೆಯ ಗಂಟು ಕಿತ್ತು ರಸ್ತೆಗೆ ಬಿತ್ತು. ಕಾರು ಒಮ್ಮೆ ಕುಲುಕಿ, ಮುಂದಿನ ಚಕ್ರವನ್ನು ಬಂಡೆ ಬುಡದ ಚರಂಡಿಗಿಳಿಸಿ ನಿಂತುಬಿಟ್ಟಿತು.

ಅಮ್ಮ ನಮ್ಮನ್ನೆಲ್ಲ ಮುಟ್ಟಿ ನೋಡಿದಳು. ಸೋನ್ಯಾಳ ತುಟಿ ಒಡೆದಿತ್ತು, ಅಷ್ಟೇ. ಅಪ್ಪ ಮಾತ್ರ ಸ್ಟೀರಿಂಗ್ ಹಿಡಿದು ಹಾಗೇ ಕುಳಿತಿದ್ದ. ಬೆರಳುಗಳು ಬಿಡಲೊಲ್ಲವು.

"ನಿಂತು ಹೋಗೋಣ ಅಂದಿದ್ದೆ ನೀನು," ಎಂದ.

"ಅಂದಿದ್ದೆ. ಈಗ ಕೈ ಬಿಡು," ಎಂದು ಅವಳೇ ಒಂದೊಂದಾಗಿ ಬೆರಳು ಬಿಡಿಸಿದಳು.

ಉದ್ಯಾನದ ರೇಂಜರ್ ಬಂದು ಚಕ್ರಗಳಿಗೆ ಕಲ್ಲು ಕೊಟ್ಟ. ಬ್ರೇಕಿನ ಎಣ್ಣೆ ಕುದಿದುಹೋಗಿದೆ, ಬಯಲುಸೀಮೆಯವರಿಗೆ ಪ್ರತಿ ವರ್ಷ ಇದೇ ಗತಿ ಎಂದ. ಕಾರನ್ನು ಎಳೆಸಿಕೊಂಡು ಕೆಳಗೆ ತಲುಪಿದಾಗ ಕ್ಯಾಂಪು ತುಂಬಿತ್ತು. ನಮ್ಮ ಕಾರಿನ ಅವಸ್ಥೆ ನೋಡಿ ಕ್ಯಾನ್ಸಸ್ಸಿನ ಮುದುಕ ದಂಪತಿ ತಮ್ಮ ಜಾಗದಲ್ಲೇ ಅರ್ಧ ಬಿಟ್ಟುಕೊಟ್ಟರು. ಆಕೆ ನಮಗೆ ಪ್ಯಾನ್‌ಕೇಕ್ ಹುಯ್ದು ಬಡಿಸಿದಳು.

ತಟ್ಟೆ ಕೈಗೆ ತೆಗೆದುಕೊಂಡ ಅಮ್ಮ ಅದನ್ನು ಹಾಗೇ ಇಟ್ಟು ಹೊಳೆಯ ಕಡೆ ನಡೆದಳು. ಸ್ವಲ್ಪ ದೂರ ಹೋಗುತ್ತಲೇ ಹುಲ್ಲಿನ ಮೇಲೆ ಕುಸಿದು ಕುಳಿತಳು. ಭುಜಗಳು ನಡುಗುತ್ತಿದ್ದವು. ನಾನು ಓಡಲು ಎದ್ದೆ. ಬೇಡ ಎಂದು ಮಾರ್ಲಿಸ್ ತಡೆದಳು.

ಅಪ್ಪ ಹೋಗಿ ಅವಳ ಪಕ್ಕ ಕುಳಿತ. ತನ್ನ ಅಂಗಿ ಬಿಚ್ಚಿ ಅವಳ ಹೆಗಲಿಗೆ ಹೊದಿಸಿ, ಬನಿಯನ್ನಿನಲ್ಲೇ ಆ ಚಳಿಗೆ ಕುಳಿತಿದ್ದ, ಅವಳಾಗಿ ಏಳುವವರೆಗೆ.