ಎರಡನೇ ದಿನದ ಹೊಟ್ಟೆನೋವು

ಗುಬ್ಬಿಯ ಕೌಸಲ್ಯಳಿಗೆ ತಿಂಗಳಿಗೊಮ್ಮೆ ಹೊಟ್ಟೆ ಮಡಕೆಯ ಹಾಗೆ ಉಬ್ಬುತ್ತಿತ್ತು. ಹೊರಗಾಗುವ ಹಿಂದಿನ ದಿನವೇ ಶುರು. ಆಮೇಲೆ ವಾಕರಿಕೆ, ಭೇದಿ, ಕಕ್ಕಸಿಗೆ ಹೋದರೆ ಪ್ರಾಣ ಹೋದಂಥ ನೋವು. ಹಿತ್ತಲ ಕೋಣೆಯ ಚಾಪೆಯ ಮೇಲೆ ಮೂರು ದಿನ ಹೊರಳಾಡುತ್ತಿದ್ದಳು.

ಡಾಕ್ಟರಿಗೆ ತೋರಿಸಲಿಲ್ಲವೆಂದು ಯಾರೂ ದೂರುವಂತಿರಲಿಲ್ಲ. ಗಂಡ ಯೋಗನರಸಿಂಹ ಮರೆಯದೆ ಕರೆದೊಯ್ಯುತ್ತಿದ್ದ, ಅವಳು ನಾಲ್ಕನೇ ದಿನ ತಲೆಗೆ ನೀರು ಹಾಕಿಕೊಂಡ ಮೇಲೆ. ಹೊರಗಾದವಳನ್ನು ಬಸ್ಸು ಹತ್ತಿಸುವುದುಂಟೇ, ಪರಪುರುಷ ಮುಟ್ಟಿ ನೋಡುವುದುಂಟೇ? ಅಷ್ಟರಲ್ಲಿ ಹೊಟ್ಟೆ ಇಳಿದು ಮುಖಕ್ಕೆ ಕಳೆ ಬಂದಿರುತ್ತಿತ್ತು. ಡಾಕ್ಟರು ಒತ್ತಿ ನೋಡಿ, ಬರೀ ಗ್ಯಾಸು, ಹುಳಿ ಕಡಿಮೆ ಮಾಡಿ ಎನ್ನುತ್ತಿದ್ದರು. ನೋವು ಬರುವುದು ಯಾವ ದಿನಗಳಲ್ಲಿ ಎಂದು ಗಂಡಸರ ಮುಂದೆ ಬಾಯಿಬಿಡುವ ಸೊಸೆ ಆ ಮನೆಗೆ ಇನ್ನೂ ಕಾಲಿಟ್ಟಿರಲಿಲ್ಲ. ಹೀಗೆ ಎಂಟು ವರ್ಷ, ಮೂವರು ಡಾಕ್ಟರು, ಅದೇ ಬಿಳಿ ಔಷಧಿ.

ಸಾವಿರದ ಒಂಬೈನೂರ ಎಂಬತ್ತೊಂದರಲ್ಲಿ ಒಮ್ಮೆ, ಎರಡನೇ ದಿನ, ಅತ್ತೆ ಸುಂದರಮ್ಮ ದೂರದಿಂದಲೇ ತಟ್ಟೆಗೆ ಮೊಸರನ್ನ ಹಾಕುತ್ತ ಇದೆಲ್ಲ ಮೈಗಳ್ಳರ ಸೋಗು ಎಂದುಬಿಟ್ಟರು. ಕೌಸಲ್ಯಳಿಗೆ ಸಿಟ್ಟಿಗಿಂತ ಹೆದರಿಕೆಯಾಯಿತು. ಸೋಗೇ ಇರಬಹುದೇ ಎಂದು ಈಚೆಗೆ ಅವಳಿಗೂ ಅನುಮಾನ ಬಂದಿತ್ತು. ಆ ಅನುಮಾನ ಕೂತಲ್ಲಿ ಕೂರಗೊಡಲಿಲ್ಲ. ಅನ್ನ ಬಿಟ್ಟೆದ್ದು, ಹಿತ್ತಲ ಬಾಗಿಲಿಂದಲೇ ಹೋಗಿ ತುಮಕೂರಿನ ಬಸ್ಸು ಹತ್ತಿದಳು. ಸೀಟು ಖಾಲಿಯಿದ್ದರೂ ಪಕ್ಕದವರಿಗೆ ಮೈಲಿಗೆಯಾದೀತೆಂದು ಕಂಬಿ ಹಿಡಿದು, ನೋವಿಗೆ ಬಾಗಿ, ನಿಂತೇ ಇದ್ದಳು.

ತುಮಕೂರಿನ ಸದಾಶಿವನಗರದ ಲೇಡಿ ಡಾಕ್ಟರ್ ಲಕ್ಷ್ಮೀದೇವಮ್ಮ ಮಂಚದ ಮೇಲೆ ಮಲಗು ಎಂದರು. ಕೌಸಲ್ಯ ಹಿಂದೆ ಸರಿದಳು.

"ಮುಟ್ಬೇಡಿ ಡಾಕ್ಟ್ರೇ, ಹೊರಗಾಗಿದೀನಿ."

"ಅದಕ್ಕೇ ಇವತ್ತು ಮುಟ್ಟಿ ನೋಡ್ಬೇಕು ಕಣಮ್ಮ."

ಆ ದಿನಗಳಲ್ಲಿ, ಎಂಟು ವರ್ಷದಲ್ಲಿ, ಅವಳ ಮೈಮೇಲೆ ಬಿದ್ದ ಮೊದಲ ಕೈ ಅದು. ಒತ್ತಿದ ಕಡೆ ಚೀರಿಕೊಂಡಳು. ಡಾಕ್ಟರು ಕೈ ತೊಳೆದು ಬಂದು, ಗರ್ಭಕೋಶದ ಒಳಪೊರೆಯಂಥದು ಹೊರಗೆ, ಕರುಳಿನ ಮೇಲೂ ಬೆಳೆದಿರಬಹುದು, ಅದೂ ತಿಂಗಳು ತಿಂಗಳು ಕೆರಳುತ್ತದೆ, ಬೆಂಗಳೂರಿನಲ್ಲಿ ಪರೀಕ್ಷೆ ಮಾಡಿಸಿದರೆ ಖಾತ್ರಿಯಾಗುತ್ತದೆ ಎಂದರು.

"ಹಂಗಾದ್ರೆ ಸೋಗಲ್ವಾ?"

"ಯಾರಮ್ಮ ಹಂಗಂದಿದ್ದು?"

ಕೌಸಲ್ಯ ಬಿಕ್ಕಿ ಬಿಕ್ಕಿ ಅತ್ತಳು. ಮುಂದಿನ ಸಲವೂ ಎರಡನೇ ದಿನವೇ ಕರೆತರಬೇಕು ಎಂದು ಡಾಕ್ಟರು ಅವಳ ಗಂಡನಿಗೊಂದು ಚೀಟಿ ಬರೆದುಕೊಟ್ಟರು.

ವಾಪಸು ಬಸ್ಸಿನಲ್ಲಿ ಹೊಟ್ಟೆ ಹಾಗೇ ನೋಯುತ್ತಿತ್ತು. ಮಡಿಸೀರೆಯ ಮುದುಕಿಯೊಬ್ಬರ ಪಕ್ಕ ಒಂದು ಸೀಟು ಖಾಲಿಯಿತ್ತು. ಕೌಸಲ್ಯ ಚೀಟಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಹೋಗಿ ಅಲ್ಲಿ ಕೂತಳು.