ಮೊನ್ನೆ ಎಂದರೆ ಎಷ್ಟು ದಿನ

ತೊಂಬತ್ತೆಂಟನೇ ಇಸವಿ. ಶಾರ್ಜಾದ ಗ್ಯಾರೇಜಿನಲ್ಲಿ ನನ್ನ ಕೆಲಸ ಹೋಗುವುದರಲ್ಲಿತ್ತು. ಅದೂ ಒಂದೇ ಒಂದು ಮಾತಿಗೆ.

ನಾನು ಬ್ರೇಕ್ ಶೂ ಹಾಕಿದ್ದ ಪಿಕಪ್ ಗಾಡಿ ಮತ್ತೆ ರಿಪೇರಿಗೆ ಬಂದಿತ್ತು. "ಯಾವಾಗ ಹಾಕಿದ್ದು?" ಎಂದ ಲಾಹೋರಿನ ಫೋರ್‌ಮನ್. "ಪರ್ಸೋಂ" ಎಂದೆ. ಅವನು ರಿಜಿಸ್ಟರು ತೆಗೆದು ನೋಡಿದ. ಹದಿನೆಂಟು ದಿನವಾಗಿತ್ತು.

"ಪರ್ಸೋಂ ಅಂದರೆ ನಿನ್ನೆಯ ಹಿಂದಿನ ದಿನ. ಸುಳ್ಳುಗಾರ! ಮಾಲೀಕರಿಗೆ ಹೇಳಿ ನಿನ್ನನ್ನು ಊರಿಗೆ ಕಳಿಸುತ್ತೇನೆ."

ನಮ್ಮ ಹರಪನಹಳ್ಳಿಯ ಉರ್ದುವಿನಲ್ಲಿ ಪರ್ಸೋಂ ಎಂದರೆ ಕನ್ನಡದ ಮೊನ್ನೆ ಇದ್ದ ಹಾಗೆ. ಎರಡು ದಿನದ ಹಿಂದೆಯೂ ಮೊನ್ನೆಯೇ, ಹೋದ ತಿಂಗಳೂ ಮೊನ್ನೆಯೇ, ನನ್ನ ಮದುವೆಯಾದದ್ದೂ ಮೊನ್ನೆಯೇ. ಇದನ್ನು ಆ ಪುಣ್ಯಾತ್ಮನಿಗೆ ಯಾವ ಭಾಷೆಯಲ್ಲಿ ಹೇಳಲಿ? ಊರಲ್ಲಿ ನಮ್ಮನ್ನು ಉರ್ದು ಮಂದಿ ಅನ್ನುತ್ತಿದ್ದರು. ಇಲ್ಲಿ ಉರ್ದು ಮಂದಿಯೇ ನನ್ನದು ಉರ್ದುವೇ ಅಲ್ಲ ಎಂದು ನಗುತ್ತಾರೆ. ಹಾಗಾದರೆ ನಾನು ಆಡುತ್ತಿರುವುದೇನು? ತಲೆ ಕೆಟ್ಟುಹೋಯಿತು.

ಫೋರ್‌ಮನ್ ಗಾಡಿ ತಂದವನನ್ನು ಕರೆದ. ಮರಳುಗಾಡಿನಲ್ಲಿ ಯಾರೋ ಶೇಖನ ಕುರಿ ಕಾಯುವ ಆಳು, ತಲೆಗೆ ಟವೆಲ್ ಸುತ್ತಿದ್ದ.

"ಬ್ರೇಕ್ ಹಾಕಿಸಿದ್ದು ಯಾವಾಗ?"

"ಪರ್ಸೋಂ, ಸಾಬ್" ಎಂದ ಆತ, ಹರಕು ಹಿಂದಿಯಲ್ಲಿ.

ಫೋರ್‌ಮನ್ ರಿಜಿಸ್ಟರನ್ನು ಮೇಜಿಗೆ ಬಡಿದ. ಆತ ನೆಲ ನೋಡುತ್ತ ಗೊಣಗಿದ. "ಮೊನ್ನಿ ಅಂದ್ರ ಮೊನ್ನಿನಪ್ಪ. ಇವಂಗ ಇಷ್ಟೂ ತಿಳಿವಲ್ದಲ್ಲ!"

ನಾನು ಥಟ್ಟನೆ ಆತನ ಕಡೆ ತಿರುಗಿದೆ. "ಯಾವೂರ್ರಿ ನಿಮ್ದು?"

ಆತ ಬಾಯಿ ತೆರೆದುಕೊಂಡು ನನ್ನನ್ನೇ ನೋಡಿದ. "ತಂಬ್ರಹಳ್ಳಿ. ಯರ್ರೆಪ್ಪ ಅಂತ. ನೀವು?"

"ಹರಪನಹಳ್ಳಿರಿ. ದಾದಾಪೀರ್."

ಫೋರ್‌ಮನ್ ನಮ್ಮಿಬ್ಬರ ಮುಖ ನೋಡಿದ. "ಇವನು ನಿನ್ನ ಅಣ್ಣನಾ?"

ಹೌದೆಂದುಬಿಟ್ಟೆ.

"ನಿಮ್ಮ ಮನೆತನಕ್ಕೇ ದಿನ ಎಣಿಸಲು ಬರುವುದಿಲ್ಲ" ಎಂದು ಅವನು ರಿಜಿಸ್ಟರು ಮುಚ್ಚಿದ. "ಹೋಗು, ಬ್ರೇಕ್ ಸರಿ ಮಾಡು."

ಗಾಡಿಯ ಕೆಳಗೆ ತೂರಿದೆ. ಯರ್ರೆಪ್ಪ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತ. ನೌಕರಿಯೇನೋ ಉಳಿಯಿತು. ಪಾನಾ ಹಿಡಿದು ನಟ್ಟು ಬಿಚ್ಚತೊಡಗಿದೆ.

"ಊರಿಂದ ಯಾವಾಗ ಬಂದ್ರಿ?" ಎಂದ.

ತೊಟ್ಟಿಲಲ್ಲಿ ಬಿಟ್ಟುಬಂದ ಮಗಳು ಗುಲಫಶಾ ಈಗ ಒಂದನೇ ಕ್ಲಾಸು.

"ಮೊನ್ನಿ" ಎಂದೆ.

"ನಾನೂ ಮೊನ್ನಿನ ಬಂದೀನ್ರಿ" ಎಂದು ಯರ್ರೆಪ್ಪ ನರೆತ ಗಡ್ಡ ಕೆರೆದುಕೊಂಡ.