ಕೆಂಪು ಗುಂಡಿ ಒತ್ತಿದ ಬೆರಳು

ನನ್ನ ಬಲಗೈಯ ತೋರುಬೆರಳು ನಾಲ್ಕು ಕೋಟಿ ಜನರಿಗೆ ಊಟ ಹಾಕಿದೆ. ಸುಳ್ಳೆನಿಸಿದರೆ, ಆ ದಿನ ಕೀಲುಂಗ್ ಬಂದರಿನ ನಮ್ಮ ಓಣಿಯ ಶಾಮಿಯಾನದಡಿ ಕೂತು ಸತ್ತವಳಿಗಾಗಿ ಸುಡುವ ಕಾಗದದ ತಾವರೆ ಮಡಿಸುತ್ತಿದ್ದವರನ್ನು ಕೇಳಿ. ಹೆಂಡತಿಯ ಶವಪೆಟ್ಟಿಗೆ ಬೆನ್ನ ಹಿಂದಿತ್ತು. ನಾನು ಬೆರಳನ್ನು ಒಬ್ಬೊಬ್ಬರ ಮೂಗಿನ ಮುಂದೆ ಹಿಡಿದು ಹಳೆಯ ಕಥೆಯನ್ನೇ ಹೇಳುತ್ತಿದ್ದೆ.

‘ಇನ್ನೊಂದು ಬಟ್ಟಲು’ ಹಾಡು ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ? ದೂರದೇಶದ ಬರಗಾಲಕ್ಕೆ ಅಕ್ಕಿ ಕೂಡಿಸಲು ಮುನ್ನೂರು ಗಾಯಕರು ತಲೆಗೊಂದು ಸಾಲಿನಂತೆ ಹಾಡಿದ್ದು. ಮೂವತ್ತೆಂಟು ವರ್ಷವಾಯಿತು. ಭೂಕಂಪವಾದರೂ ಅದೇ ಹಾಡು, ಚುನಾವಣೆ ಬಂದರೂ ಅದೇ, ಶಾಲೆಯ ಬೀಳ್ಕೊಡುಗೆಗೂ ಅದೇ. ಅದರ ಕಟ್ಟಕಡೆಯ ಸಾಲು, ‘ನನ್ನ ಬಟ್ಟಲಿನ ಅರ್ಧ ನಿನ್ನದು’, ಲಾನ್ ಯೂಶಿನ್ ಎಂಬ ತಾರೆಯದು. ಸಾಲಿಗೆ ಮುಂಚೆ ಗಂಟಲಲ್ಲಿ ತೊಡರಿದಂತೆ ಒಂದು ಪುಟ್ಟ ಉಸಿರು ಕೇಳಿಸುತ್ತದಲ್ಲ, ಅದನ್ನು ಮಕ್ಕಳೂ ಅನುಕರಿಸುತ್ತಾರೆ. ಆ ಉಸಿರೊಂದರಿಂದ ಆಕೆ ನಾಡಿಗೇ ತಾಯಿಯಾದಳು. ಆಕೆಯ ಹೆಸರಿನ ಅನಾಥಾಲಯಗಳೆದ್ದವು. ಆ ಸಾಲಿಗೆ ತೈಪೆಯ ಸ್ಟುಡಿಯೋದಲ್ಲಿ ಟೇಪಿಗೆ ದನಿ ತುಂಬುವ ಕೆಂಪು ಗುಂಡಿ ಒತ್ತಿದ್ದು ಈ ಬೆರಳು.

ಮೀನುಪೇಟೆಯ ನಮ್ಮ ಮೀನುಂಡೆ ಅಂಗಡಿಯ ಪಕ್ಕದ ಅಂಗಡಿಯವಳಾದ ತೋ ಅಜ್ಜಿ ತಾವರೆಯ ಎಸಳು ಬಿಡಿಸುತ್ತ ಹೇಳಿದಳು: “ನಿನ್ನ ಹೆಂಡ್ತಿಗೇ ಆ ಹಾಡು ಆಗ್ತಿರ್ಲಿಲ್ವಲ್ಲೋ. ರೇಡಿಯೋದಲ್ಲಿ ಬಂದ್ರೆ ಸೌಟು ಬಿಸಾಕಿ ಬಂದು ಆರಿಸೋಳು. ಹಸ್ಕೊಂಡು ಬಂದವ್ರಿಗೆ ಮಾತ್ರ ಕೇಳದೇನೇ ಇನ್ನೆರಡು ಮೀನುಂಡೆ ಹಾಕೋಳು. ಹಾಡಿನ ಮೇಲೆ ಅದೇನು ಹಗೆಯೋ.”

“ಹೊಟ್ಟೆಕಿಚ್ಚು ಕಣಜ್ಜಿ. ಲಾನ್ ಯೂಶಿನ್ ನನ್ನ ನೋಡಿ ನಕ್ಕಿದ್ಲಲ್ಲ, ಅದಕ್ಕೆ.”

ಎಲ್ಲರೂ ನಕ್ಕರು. ಬಾಗಿಲ ಬಳಿ, ಸಾವಿನ ಮನೆಗೆ ಗೌರವಕ್ಕೆಂದು ಕಳಿಸುವಂಥ, ತಂಪುಪಾನೀಯದ ಡಬ್ಬಿಗಳನ್ನು ಪೇರಿಸಿದ ಗೋಪುರವೊಂದು ನಿಂತಿತ್ತು. ಅದರ ಪಟ್ಟಿಯ ಮೇಲೆ ಕಳಿಸಿದವರೆಂದು ಲಾನ್ ಯೂಶಿನ್ ಹೆಸರು. ಮೂರು ಆಳೆತ್ತರ ಎಂದು ಬಂದವರಿಗೆಲ್ಲ ತೋರಿಸುತ್ತಿದ್ದೆ. ನನ್ನ ಭುಜ ಮುಟ್ಟುತ್ತಿತ್ತು.

ಮಗಳು ಪೇಯುನ್ ಮಾತ್ರ ನಗಲಿಲ್ಲ. “ಸಾಕು ಮಾಡಪ್ಪ. ಮಾವ ಬರೋ ಹೊತ್ತಾಯ್ತು,” ಎಂದಳು.

ಸತ್ತ ಹೆಣ್ಣಿನ ಅಣ್ಣ ಬಂದು, ಮುಖ ನೋಡಿ, ತಂಗಿಯನ್ನು ಹೇಗೆ ನೋಡಿಕೊಂಡಿರಿ ಎಂದು ಕೇಳಿ, ಕೊಡಲಿಯಿಂದ ಮೊಳೆಗಳನ್ನು ತಟ್ಟುವವರೆಗೆ ನಮ್ಮಲ್ಲಿ ಪೆಟ್ಟಿಗೆ ಮುಚ್ಚುವಂತಿಲ್ಲ. ಉತ್ತರ ಅವನಿಗೆ ಒಪ್ಪಿಗೆಯಾಗಬೇಕು. ಆಗದಿದ್ದರೆ ಶವ ಮನೆಯಲ್ಲೇ.

*

ಆಗಿನ್ನೂ ನನ್ನ ಹೆಂಡತಿಯಾಗಿರದ ಸಿಯುಗಿಮ್‌ಳದು ಸ್ಟುಡಿಯೋದಲ್ಲಿ ಹೆಸರಿಲ್ಲದ ಕೆಲಸ. ತಾರೆಯರು ಬರುವ ಮುನ್ನ ಇಡೀ ಹಾಡನ್ನು ಅವಳು ಹಾಡಿಡಬೇಕು. ಅವರು ಅದನ್ನು ಕೇಳಿ ತಂತಮ್ಮ ಸಾಲು ಕಲಿಯಬೇಕು. ಕಲಿತಾದ ಮೇಲೆ ಅವಳ ದನಿಯನ್ನು ನಾನು ಅಳಿಸಬೇಕು.

ಅಂದು ಅವಳು ಎಷ್ಟು ಚೆನ್ನಾಗಿ ಹಾಡಿದಳೆಂದರೆ, ಅಳಿಸುವ ಮುನ್ನ ಕ್ಯಾಸೆಟ್ಟಿಗೊಂದು ಪ್ರತಿ ಇಳಿಸಿಕೊಟ್ಟೆ. ಅದರ ಬೆನ್ನ ಅಂಚಿನ ಪುಟ್ಟ ಪ್ಲಾಸ್ಟಿಕ್ ಕಿವಿಗಳೆರಡನ್ನು ತೋರಿಸಿ, “ಇವನ್ನ ಮುರಿದುಬಿಟ್ರೆ ಇದರ ಮೇಲೆ ಇನ್ಯಾರೂ ಏನೂ ತುಂಬೋಕಾಗಲ್ಲ,” ಎಂದೆ.

“ನನ್ನ ದನಿ ಮೇಲೆ ಯಾರು ಬಂದು ತುಂಬ್ತಾರೆ?” ಎಂದು ನಕ್ಕು, ಮುರಿಯದೆ ಚೀಲಕ್ಕೆ ಹಾಕಿಕೊಂಡಳು.

ಎರಡು ತಿಂಗಳ ಮೇಲೆ ಹಾಡು ಬೀದಿಬೀದಿಯಲ್ಲಿ ಕೇಳತೊಡಗಿದಾಗ ಅವಳು ಓಡೋಡಿ ಸ್ಟುಡಿಯೋಗೆ ಬಂದಳು. ಛತ್ರಿ ಮಡಿಸುವುದನ್ನೂ ಮರೆತಿದ್ದಳು. “ಆ ಕೊನೇ ಸಾಲು ನಾನೇ ಅಲ್ವಾ?”

“ಎಲ್ರಿಗೂ ಹಾಗೇ ಅನ್ಸುತ್ತೆ,” ಎಂದೆ. “ನೀನು ಹಾಡಿದ್ದನ್ನ ಕೇಳಿ ಕಲ್ತವಳು ಆಕೆ. ನಿನ್ನ ಹಾಗೇ ಉಸಿರು ಎಳೆದ್ಲು, ಅಷ್ಟೆ.”

ಅವಳು ಛತ್ರಿ ಮಡಿಸಿದಳು. ಆಮೇಲೆ, ತನ್ನ ದನಿ ಯಾವುದೆಂದೇ ತಿಳಿಯದವಳು ಹಾಡಿ ಏನು ಮಾಡುವುದು ಎಂದಳು. ಮತ್ತೆ ಹಾಡಲಿಲ್ಲ. ಮರುವರ್ಷ ನನ್ನನ್ನು ಮದುವೆಯಾದಳು, ಮೀನುಂಡೆ ಮಾಡಿದಳು, ಮಗಳಿಗೆ ಒಂದು ಜೋಗುಳವನ್ನೂ ಹಾಡಲಿಲ್ಲ.

*

ಅವಳ ಅಣ್ಣ, ನನ್ನ ಭಾವ ಹೋಕ್‌ಸಿಂಗ್, ಓಣಿಯ ತಿರುವಿನಲ್ಲಿ ಕಾಣಿಸಿದಾಗ ನಾವಿಬ್ಬರೂ ಮಂಡಿಯೂರಿದೆವು. ಅವನು ಪೇಯುನ್‌ಳನ್ನು ಎಬ್ಬಿಸಿದ. ನನ್ನನ್ನು ಎಬ್ಬಿಸಲಿಲ್ಲ. ಒಳಗೆ ಹೋಗಿ ತಂಗಿಯ ಮುಖ ನೋಡಿದ. ಕೆಂಪು ಬಟ್ಟೆ ಕಟ್ಟಿದ ಕೊಡಲಿಯನ್ನು ಪುರೋಹಿತ ಮುಂದೆ ಹಿಡಿದರೆ, ಅದನ್ನು ತೆಗೆದುಕೊಂಡು ನೆಲಕ್ಕಿಟ್ಟ. ಜೇಬಿನಿಂದ ಕ್ಯಾಸೆಟ್ಟೊಂದನ್ನು ತೆಗೆದ.

“ಆಸ್ಪತ್ರೆಯಲ್ಲಿ ಕೊಟ್ಲು. ಮೊಳೆ ತಟ್ಟೋಕೆ ಮುಂಚೆ ಹಾಕಿಸು ಅಂದಿದ್ಲು.”

ಪೇಯುನ್ ಕ್ಯಾಸೆಟ್ ಹಾಕುವ ಹಳೆಯ ರೇಡಿಯೋ ತಂದಳು. ಮೊದಲು ನನ್ನದೇ ಎಳೆಯ ದನಿ: “ಸಿಯುಗಿಮ್, ಟೇಪ್ ಓಡ್ತಿದೆ, ಶುರು ಮಾಡು.” ಆಮೇಲೆ ಅವಳು. ವಾದ್ಯವಿಲ್ಲ, ಮುನ್ನೂರು ಗಾಯಕರಿಲ್ಲ, ಅವಳೊಬ್ಬಳೇ. ಕೊನೆಯ ಸಾಲಿಗೆ ಮುಂಚೆ ಆ ಉಸಿರು ಬಂತು. ಶಾಮಿಯಾನದಡಿ ಕೈಗಳೆಲ್ಲ ನಿಂತವು. ತೋ ಅಜ್ಜಿಯ ತಾವರೆ ಅರ್ಧ ಮಡಿಸಿದಂತೆಯೇ ಉಳಿಯಿತು.

“ಅದೇ ಹೇಳಿದ್ನಲ್ಲ,” ಎಂದು ನಾನು ಶುರು ಮಾಡಿದೆ, “ಲಾನ್ ಯೂಶಿನ್ ಇದನ್ನೇ ಕೇಳಿ ಕೇಳಿ ಸಾವಿರ ಸಲ...”

“ನಾನು ಹುಟ್ಟಿದಾಗಿಂದ ಆ ಹಾಡು ಕೇಳ್ತಿದೀನಿ,” ಎಂದಳು ಪೇಯುನ್. “ನೂರು ಜನ ಆ ಉಸಿರು ಅಣಕಿಸಿದ್ದು ಕೇಳಿದೀನಿ. ಒಬ್ರಿಗೂ ಬಂದಿಲ್ಲ. ಶಾಲೆಯಲ್ಲಿ ಆ ಹಾಡೇ ಆಗದ ನಿಮ್ಮಮ್ಮಂದು ಕಲ್ಲು ಮನಸ್ಸು ಅಂದಾಗ ಹೌದು ಅಂದಿದ್ದೆ ಅಪ್ಪ. ಅಮ್ಮನ ಎದುರಿಗೇ ಅಂದಿದ್ದೆ. ನಿಜ ಹೇಳು.”

ಭಾವ ಕೊಡಲಿಯ ಮೇಲೆ ಕಾಲಿಟ್ಟು ನಿಂತಿದ್ದ. ಶವವಾಹನದ ಎಂಜಿನ್ ಓಡುತ್ತಿತ್ತು.

ಹೇಳಿದೆ. ಮುನ್ನೂರಲ್ಲ, ಹದಿನೇಳು ಗಾಯಕರು. ಡಬ್ಬಿಯ ಗೋಪುರ ನಾನೇ ತರಿಸಿದ್ದು. ಲಾನ್ ಯೂಶಿನ್ ನನ್ನತ್ತ ನೋಡಿರಲೂ ಇಲ್ಲ. ಒಮ್ಮೆ ಹಾಡಿ ವಿಮಾನ ಹತ್ತಿದಳು. ಮಧ್ಯಾಹ್ನ ಸಿಯುಗಿಮ್‌ಳ ದನಿ ಅಳಿಸಲು ಹೋದ ನಾನು ಪಕ್ಕದ ದನಿಪಟ್ಟಿಯ ಗುಂಡಿ ಒತ್ತಿದೆ. ತಾರೆಯ ದನಿ ಹೋಯಿತು, ಇವಳದು ಉಳಿಯಿತು. ಟೇಪಿನ ಡಬ್ಬದ ಚೀಟಿಯಲ್ಲಿ ಹೆಸರು ಬದಲಾಯಿಸಿದೆ. ಯಾರಿಗೂ ಗೊತ್ತಾಗಲಿಲ್ಲ.

“ಯಾಕೆ?” ಎಂದ ಭಾವ.

“ಕೆಲಸ ಹೋಗ್ತಿತ್ತು.”

“ಎಷ್ಟು ದಿನ ಉಳೀತು?”

“ಮರುವರ್ಷ ಸ್ಟುಡಿಯೋನೇ ಮುಚ್ತು.”

“ಆಮೇಲೆ?”

ಆಮೇಲೆ ಅವಳಿಗೆ ನಿಜ ಹೇಳುವುದಕ್ಕಿಂತ ನಾಲ್ಕು ಕೋಟಿ ಜನರ ಕಥೆ ಹೇಳುವುದು ಸುಲಭವಿತ್ತು.

ಭಾವ ಕೊಡಲಿ ಎತ್ತಿಕೊಂಡ. ನಾಲ್ಕು ಮೂಲೆಯ ನಾಲ್ಕು ಮೊಳೆ, ಒಂದೊಂದಕ್ಕೆ ಒಂದೊಂದು ಪೆಟ್ಟು. ಕ್ಯಾಸೆಟ್ಟನ್ನು ನನ್ನ ಅಂಗೈಯಲ್ಲಿಟ್ಟು ಹೋದ.

ಹೆಂಡತಿಯ ಪೆಟ್ಟಿಗೆಯ ಹಿಂದೆ ಗಂಡ ಹೋಗುವುದು ನಮ್ಮ ಪದ್ಧತಿಯಲ್ಲ. ನಾನು ಖಾಲಿ ಶಾಮಿಯಾನದಲ್ಲಿ ನಿಂತೆ. ಶವವಾಹನದ ಮುಂದೆ ಬಿಳಿ ಬೂಟಿನ ಹುಡುಗಿಯರ ಬ್ಯಾಂಡು ಓಣಿಯಿಳಿಯುತ್ತ ‘ಇನ್ನೊಂದು ಬಟ್ಟಲು’ ನುಡಿಸತೊಡಗಿತು. ಹೋದ ವಾರ ಅವಳು ಸತ್ತಾಗ ನಾನೇ ನುಡಿಸಲು ಹೇಳಿಟ್ಟಿದ್ದೆ. ಪೇಯುನ್ ತಿರುಗಿ ನೋಡಲಿಲ್ಲ. ನನ್ನ ತೋರುಬೆರಳು ತನ್ನಷ್ಟಕ್ಕೆ ಕ್ಯಾಸೆಟ್ಟಿನ ಬೆನ್ನ ಅಂಚನ್ನು ತಡವಿತು.

ಎರಡೂ ಕಿವಿಗಳು ಮುರಿದಿದ್ದವು. ಮುರಿದ ಅಂಚು ಹೊಸದಲ್ಲ. ಮುಟ್ಟಿ ಮುಟ್ಟಿ ನುಣುಪಾಗಿತ್ತು.